ದಿನಾ ವಾರ್ಡಲ್ಲೇ 13 ಸಾವಿರ ಹೆಜ್ಜೆ ಆಗುತ್ತೆ, ಮತ್ತೂ ವಾಕಿಂಗ್ ಹೋಗ್ಬೇಕಂತೆ. ಎಂತಕ್ಕೆ?

ಕಡುಬುಚಟ್ನಿ:

ನಮಸ್ತೆ ಎಲ್ರಿಗೂ, ಇಲ್ಲಿ ಆಸ್ಪತ್ರೆ ಕೆಲಸದೋರು ಸುಮಾರು ಜನ ಇದೀರಿ ಅಂತ ಗೊತ್ತು, ಅದ್ಕೆ ಇಲ್ಲೇ ಕೇಳ್ತಿದೀನಿ. ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿ ಶಿವಮೊಗ್ಗದ ಒಂದು ಪ್ರೈವೇಟ್ ಆಸ್ಪತ್ರೇಲಿ ಸ್ಟಾಫ್ ನರ್ಸ್ ಆಗಿ ಸೇರಿ ಎಂಟು ತಿಂಗಳಾತು, ವಯಸ್ಸು 24, ಊರು ಹೊಸನಗರದ ಕಡೆ, ಇಲ್ಲಿ ದುರ್ಗಿಗುಡಿ ಹತ್ರ ಪಿಜಿಲಿ ಇದೀನಿ. ಮಾರ್ನಿಂಗ್ 8ರಿಂದ 2, ಮಧ್ಯಾಹ್ನದ್ದು 2ರಿಂದ 8, ನೈಟ್ ಅಂದ್ರೆ ರಾತ್ರಿ 8ರಿಂದ ಬೆಳಿಗ್ಗೆ 8. ಬೆಳಿಗ್ಗೆ 8 ಅಂತ ಹೆಸರಿಗೆ, ಮುಂದಿನ ಪಾಳಿಯೋರಿಗೆ ಹ್ಯಾಂಡ್‌ಓವರ್ ಕೊಟ್ಟು ಹೊರಬೀಳೋ ಹೊತ್ತಿಗೆ ಒಂಬತ್ತು.

ವಿಷ್ಯ ಎಂತ ಅಂದ್ರೆ, ಮೊದಲ ಮೂರು ತಿಂಗಳು ಹುಮ್ಮಸ್ಸಲ್ಲೇ ಹೋತು. ಈಗ ಮನ್ಸು ಹೆಂಗೋ ಆಗಿದೆ. ರೂಮಿಗೆ ಬಂದ್ರೆ ಯಾರ ಹತ್ರನೂ ಮಾತು ಬೇಡ, ಅಮ್ಮ ಫೋನ್ ಮಾಡಿ ಊಟ ಆತಾ ಅಂದ್ರೂ ಸಿಡುಕ್ತೀನಿ, ಫೋನ್ ಇಟ್ಟ ಮೇಲೆ ಪಾಪ ಅನ್ಸಿ ಅಳು. ನೈಟ್ ಮುಗಿಸಿ ಬಂದು ಹತ್ತು ಗಂಟೆಗೆ ಮಲಗಿದ್ರೆ ಹನ್ನೆರಡಕ್ಕೆಲ್ಲ ಎಚ್ಚರ. ಮೊನ್ನೆ ಪಿಜಿ ಅಡಿಗೆಮನೇಲಿ ಕುಕ್ಕರ್ ಕೂಗ್ತು, ನಾನು ಅರೆನಿದ್ದೇಲಿ ಎದ್ದು ಕೂತು ಗೋಡೆ ತಡವ್ತಾ ಮಾನಿಟರ್ ಅಲಾರಂ ಆಫ್ ಮಾಡೋ ಬಟನ್ ಹುಡುಕ್ತಿದ್ನಂತೆ. ರೂಮ್‌ಮೇಟ್ ನಕ್ಕು ನಕ್ಕು ಸುಸ್ತು. ನಂಗೆ ಮಾತ್ರ ನಗು ಬರ್ಲಿಲ್ಲ.

ಪರಿಚಯದ ಒಬ್ರು ಅಕ್ಕನ ಹತ್ರ ಹೇಳ್ಕೊಂಡ್ರೆ ‘ದಿನಾ ಅರ್ಧ ಗಂಟೆ ಬಿರುಸಾಗಿ ವಾಕಿಂಗ್ ಹೋಗು, ಇಲ್ಲ ಓಡು, ಮನ್ಸೂ ಸರಿ ಹೋಗುತ್ತೆ ನಿದ್ದೆನೂ ಬರುತ್ತೆ’ ಅಂದ್ರು. ಅಲ್ಲ, ಮೊಬೈಲ್ ಜೇಬಲ್ಲಿ ಇಟ್ಕೊಂಡು ಡ್ಯೂಟಿ ಮಾಡಿದ ದಿನ 13 ಸಾವಿರ ಸ್ಟೆಪ್ಸ್ ತೋರ್ಸುತ್ತೆ, ರಾತ್ರಿ ಮೀನಖಂಡ ಹಿಡ್ಕೊಂಡು ಒದ್ದಾಡ್ತೀನಿ, ಇಷ್ಟು ನಡೆದೋಳಿಗೆ ಇನ್ನೂ ನಡಿ ಅಂದ್ರೆ ಗದ್ದೆ ಉತ್ತು ಬಂದ ಎತ್ತಿಗೆ ಜಾತ್ರೆ ಸುತ್ತಿಸಿದಂಗೆ ಆಗ್ಲಿಲ್ವಾ?

ಆದ್ರೆ ಒಂದು ಅನುಮಾನ ಕೊರೀತಿದೆ. ಹೋದ ತಿಂಗಳು ಮನೆಯೋರೆಲ್ಲ ಕವಲೇದುರ್ಗ ಕೋಟೆ ಹತ್ತೋಕೆ ಹೋಗಿದ್ವಿ. ಎರಡನೇ ಬಾಗಿಲು ಮುಟ್ಟೋಷ್ಟರಲ್ಲಿ ನಂಗೆ ಏದುಸಿರು, ಎದೆ ಢವಢವ, ಕಲ್ಲಿನ ಮೇಲೆ ಕೂತೇ ಬಿಟ್ಟೆ. 52 ವರ್ಷದ ಚಿಕ್ಕಮ್ಮ ಸೀರೆ ಎತ್ತಿ ಕಟ್ಕೊಂಡು, ಕೈಲಿ ಚಿತ್ರಾನ್ನದ ಡಬ್ಬಿ ಬೇರೆ, ನನ್ನ ದಾಟಿ ಹೋದ್ರು. ಅಷ್ಟು ನಡೆಯೋಳು ನಾನು, ಹಿಂಗ್ಯಾಕೆ? ವಾರ್ಡಲ್ಲಿ ನಡೆದಿದ್ದು ವ್ಯಾಯಾಮದ ಲೆಕ್ಕಕ್ಕೆ ಬರುತ್ತೋ ಇಲ್ವೋ, ಮಾಡೋದೇ ಆದ್ರೆ ನೈಟ್ ಡ್ಯೂಟಿ ಇರೋ ದಿನ ಯಾವಾಗ ಮಾಡೋದು, ನಿಜಕ್ಕೂ ಮನ್ಸಿಗೆ ಎಂತಾದ್ರೂ ಆಗುತ್ತಾ ಇಲ್ಲ ಸುಮ್ನೆ ಹೇಳೋ ಮಾತಾ, ಅನುಭವ ಇದ್ದೋರು ಹೇಳಿ.

ರೋಸ್ಟರ್_ರಗಳೆ:

ತಂಗಿ, ನಾನು ಎಂಡಿ ಎರಡನೇ ವರ್ಷ, ನಿನ್ನೆ ಬೆಳಿಗ್ಗೆ ವಾರ್ಡಿಗೆ ಹೋದೋನು ಈಗ ಹಾಸ್ಟೆಲಿಗೆ ಬಂದಿದೀನಿ, ಅದ್ಕೆ ನನ್ನ ಮಾತು ಸ್ವಲ್ಪ ಖಾರ ಇರುತ್ತೆ, ಬೇಜಾರಾಗ್ಬೇಡ. ಈ ಆಸ್ಪತ್ರೆ ನಡೆಸೋರದ್ದೊಂದು ಮದ್ದು ಗೊತ್ತಲ್ಲ. ಸುಸ್ತಾಗಿದೆ ಅಂದ್ರೆ ಓಡು. ನಿದ್ದೆ ಇಲ್ಲ ಅಂದ್ರೆ ಯೋಗ. ಅಳು ಬಂತು ಅಂದ್ರೆ ಪ್ರಾಣಾಯಾಮ. ಇನ್ನೊಬ್ರು ಸ್ಟಾಫ್ ಹಾಕಿ ಅಂದ್ರೆ ಮಾತ್ರ ಎಲ್ರೂ ಸೀಲಿಂಗ್ ಫ್ಯಾನ್ ನೋಡ್ತಾರೆ.

ಬರ್ನೌಟ್ ಅನ್ನೋದನ್ನ ವಿಶ್ವ ಆರೋಗ್ಯ ಸಂಸ್ಥೆನೇ 2019ರಲ್ಲಿ ರೋಗ ಅಲ್ಲ, ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಹೇಳಿದೆ. ಶಕ್ತಿ ಬತ್ತೋದು, ಕೆಲಸದ ಮೇಲೆ ಜಿಗುಪ್ಸೆ, ನನ್ನ ಕೈಲಿ ಎಂತದೂ ಆಗಲ್ಲ ಅನ್ನೋ ಭಾವ, ಮೂರೂ ಸೇರಿದ್ದು ಅದು, ಮೂರೂ ಹುಟ್ಟೋದು ಕೆಲಸದ ಜಾಗದ ಒತ್ತಡದಿಂದ. ಅಂದ್ರೆ ಕಾಯಿಲೆ ಇರೋದು ರೋಸ್ಟರಲ್ಲಿ (ಡ್ಯೂಟಿ ಪಟ್ಟೀಲಿ), ಮಾತ್ರೆ ಕೊಡ್ತಿರೋದು ನಿಂಗೆ. ನನ್ನಂಗೆ ಎಂಡಿ ಓದ್ತಾ ವಾರ್ಡ್ ನೋಡೋ ರೆಸಿಡೆಂಟ್ ಡಾಕ್ಟರ್‌ಗಳಿಗೆ ದಿನಕ್ಕೆ ಒಂದೇ ಸಮ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಅಂತ 1992ರ ಕೇಂದ್ರದ ರೆಸಿಡೆನ್ಸಿ ಸ್ಕೀಮಲ್ಲೇ ಇದೆ ಗೊತ್ತಾ, ನಾನು ಹುಟ್ಟೋಕೂ ಮುಂಚಿನ ಆದೇಶ. ನಾನಿನ್ನೂ ಅದನ್ನ ಹುಡುಕ್ತಾ ಇದೀನಿ.

ಓಡೋದು ಬಿಡು, ಮಲ್ಕೋ.

ಮೂಳೆಮಾಸ್ಟರ್:

ರಗಳೆ ಡಾಕ್ಟ್ರು ಹೇಳಿದ್ದು ಸುಳ್ಳಲ್ಲ, ಆದ್ರೆ ಆ ಹುಡುಗಿ ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ. ನಾನು ಫಿಸಿಯೋಥೆರಪಿಸ್ಟ್, ಇಲ್ಲೇ ವಿನೋಬನಗರದ ಕಡೆ ಕ್ಲಿನಿಕ್, ನನ್ನ ಹತ್ರ ಬೆನ್ನು ನೋವು ಮಂಡಿ ನೋವು ಅಂತ ಬರೋರಲ್ಲಿ ಸಿಸ್ಟರ್‌ಗಳು ಸುಮಾರು ಜನ, ಅವ್ರೆಲ್ಲ ಇದೇ ಕೇಳ್ತಾರೆ, ‘ದಿನಾ ನಡೀತೀವಲ್ಲ ಸಾರ್’.

ಗಾಂಧಿ ಬಜಾರಲ್ಲಿ ಸಂಜೆ ಹೊತ್ತು ಸ್ಕೂಟಿ ಓಡ್ಸಿದೀರಾ? ಹತ್ತು ಮಾರು ಹೋಗು, ಬ್ರೇಕ್ ಹಾಕು, ಕಾಲು ಕೊಡು, ಮತ್ತೆ ಹೊರಡು. ಪೆಟ್ರೋಲ್ ಖಾಲಿ, ಇಂಜಿನ್ ಬಿಸಿ, ನಿಮ್ ತಲೆನೂ ಬಿಸಿ. ಅದೇ ಸ್ಕೂಟಿನ ಸವಳಂಗ ರಸ್ತೇಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಬಿಟ್ರೆ ಅದರ ಉಸಿರೇ ಬೇರೆ. ವಾರ್ಡಲ್ಲಿ ನೀವು ನಡೆಯೋದು ಗಾಂಧಿ ಬಜಾರ್ ನಡಿಗೆ. 4ನೇ ಬೆಡ್ಡಿಗೆ ಹೋಗ್ತೀರಿ, ಡ್ರಿಪ್ ನೋಡ್ತಾ ಎರಡು ನಿಮಿಷ ನಿಲ್ತೀರಿ, ಬಗ್ಗಿ ಬೆಡ್‌ಶೀಟ್ ಎಳೀತೀರಿ, ಒಬ್ರನ್ನ ಎತ್ತಿ ಮಗ್ಗುಲು ಮಾಡ್ತೀರಿ, ಮತ್ತೆ ನರ್ಸಿಂಗ್ ಸ್ಟೇಷನ್ನಿಗೆ ಬಂದು ಕೇಸ್ ಶೀಟ್ ಬರೀತಾ ನಿಂತ್ಕೊಳ್ತೀರಿ. ಹೆಜ್ಜೆ ಲೆಕ್ಕ ಏರುತ್ತೆ, ಆದ್ರೆ ಹೃದಯಕ್ಕೆ ಬೇಕಾದ ಹದ ಒಂದೇ ಸಮ ಐದು ನಿಮಿಷನೂ ಸಿಗಲ್ಲ. ಬದ್ಲು ಸೊಂಟಕ್ಕೆ, ಮೀನಖಂಡಕ್ಕೆ ಪೆಟ್ಟು. ಸುಧಾರಿಸ್ಕೊಳ್ಳೋಕೆ ಟೈಮೂ ಇಲ್ಲ, ಯಾವಾಗ ನಿಲ್ಲಿಸ್ಬೇಕು ಅನ್ನೋದು ನಿಮ್ಮ ಕೈಲೂ ಇಲ್ಲ.

ಇದ್ರಲ್ಲಿ ಒಂದು ತಮಾಷೆ ಇದೆ. ವ್ಯಾಯಾಮಕ್ಕೂ ಹೃದಯಕ್ಕೂ ಸಂಬಂಧ ಇದೆ ಅಂತ ಮೊದಲು ಗಟ್ಟಿಯಾಗಿ ತೋರ್ಸಿದ್ದೇ ಕೆಲಸದಲ್ಲಿ ನಡೆಯೋರನ್ನ ನೋಡಿ. 1953ರಲ್ಲಿ ಜೆರ್ರಿ ಮಾರಿಸ್ ಅನ್ನೋ ಡಾಕ್ಟ್ರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನೋರನ್ನ ಹೋಲಿಸಿದ್ರು, ದಿನವಿಡೀ ಕೂತಿರೋ ಡ್ರೈವರ್‌ಗಳಿಗಿಂತ ಮೆಟ್ಲು ಹತ್ತಿ ಇಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಹಂಗಾದ್ರೆ ನರ್ಸಿಗೂ ಒಳ್ಳೇದೇ ಆಗ್ಬೇಕಲ್ಲ? ಆಮೇಲಿನ ಕಾಲದಲ್ಲಿ ಡೆನ್ಮಾರ್ಕಿನ ಸಂಶೋಧಕರು ಬಿಡುವಿನ ಹೊತ್ತಿನ ಚಟುವಟಿಕೆ ಕೊಡೋ ಲಾಭ ಕೆಲಸದ ಚಟುವಟಿಕೆ ಕೊಡಲ್ಲ, ಕೆಲವು ಸಲ ಉಲ್ಟಾನೇ ಆಗುತ್ತೆ ಅಂತ ವಾದ ಇಟ್ರು. ಈ ವಾದ ಇನ್ನೂ ಮುಗಿದಿಲ್ಲ, ಆದ್ರೆ ಕ್ಲಿನಿಕ್ಕಲ್ಲಿ ನಾನು ನೋಡೋ ಸಿಸ್ಟರ್‌ಗಳ ಕಾಲು ಆ ಡೆನ್ಮಾರ್ಕಿನೋರ ಪರವಾಗೇ ಇದೆ.

ಎಷ್ಟು ಮಾಡ್ಬೇಕು ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸು, ಇಲ್ಲ 75ರಿಂದ 150 ನಿಮಿಷ ಜೋರು. ಮುಂಚೆ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆಗ್ಲೇಬೇಕು ಅಂತ ಇತ್ತು, ಅದನ್ನ ತೆಗೆದು ಹಾಕಿದ್ರು, ಐದು ನಿಮಿಷನೂ ಲೆಕ್ಕಕ್ಕಿದೆ. 150 ಅಂತ ಕೇಳಿ ಹೆದರ್ಕೊಂಡು ಸೊನ್ನೆ ಮಾಡೋಕಿಂತ 40 ಮಾಡೋದು ವಾಸಿ. ಮಧ್ಯಮ ಬಿರುಸು ಗೊತ್ತಾಗೋದು ಹೆಂಗೆ? ಪಕ್ಕದೋರ ಹತ್ರ ಮಾತಾಡೋಕಾಗ್ಬೇಕು, ಹಾಡು ಹೇಳೋಕಾಗಬಾರ್ದು. ಅಷ್ಟೇ. ನಾಡಿ ಹಿಡಿಯೋದು ನಿಮ್ಗೆ ಗೊತ್ತಲ್ಲ, 220ರಲ್ಲಿ ನಿಮ್ಮ 24 ಕಳೆದ್ರೆ 196, ಅದರ 64ರಿಂದ 76 ಪರ್ಸೆಂಟು ಅಂದ್ರೆ ನಿಮಿಷಕ್ಕೆ ಹೆಚ್ಚುಕಡಿಮೆ 125ರಿಂದ 149. ಸೂತ್ರ ಅಂದಾಜಿಂದು, ಹತ್ತು ಹೆಚ್ಚುಕಮ್ಮಿ ಆದ್ರೆ ತಲೆ ಕೆಡಿಸ್ಕೋಬೇಡಿ.

ಮನ್ಸಿನ ವಿಷ್ಯ. ವ್ಯಾಯಾಮ ಮಾಡಿದ್ರೆ ಎಂಡಾರ್ಫಿನ್ ಅನ್ನೋ ರಾಸಾಯನಿಕ ಬರುತ್ತೆ ಖುಷಿಯಾಗುತ್ತೆ ಅಂತ ಎಲ್ರೂ ಹೇಳ್ತಾರಲ್ಲ, ರಕ್ತದಲ್ಲಿರೋ ಎಂಡಾರ್ಫಿನ್ ಮಿದುಳೊಳಗೆ ಅಷ್ಟು ಸಲೀಸಾಗಿ ದಾಟಲ್ಲ. ಈಗ ಹೆಚ್ಚು ಮಾತಾಡ್ತಿರೋದು ಎಂಡೋಕ್ಯಾನಬಿನಾಯ್ಡ್ ಬಗ್ಗೆ, ನಮ್ಮ ಮೈಯೇ ತಯಾರಿಸೋ ಗಾಂಜಾ ಜಾತಿಯ ರಾಸಾಯನಿಕ, ಪೊಲೀಸ್ ಕೇಸ್ ಆಗಲ್ಲ. ನಿಮ್ಮಂಥೋರ ಮೇಲೇ ಒಂದು ಪ್ರಯೋಗ ಆಗಿದೆ, ಕೆನಡಾದ ವ್ಯಾಂಕೂವರಲ್ಲಿ ಕೋವಿಡ್ ಟೈಮಲ್ಲಿ 288 ಆಸ್ಪತ್ರೆ ಸಿಬ್ಬಂದಿ, 12 ವಾರ, ಮನೇಲೇ ಆ್ಯಪ್ ನೋಡ್ಕೊಂಡು ವಾರಕ್ಕೆ ನಾಲ್ಕು ಸಲ 20-20 ನಿಮಿಷ. 2023ರಲ್ಲಿ ಫಲಿತಾಂಶ ಬಂತು. ಖಿನ್ನತೆಯ ಲಕ್ಷಣ ಕಡಿಮೆ ಆತು, ಬರ್ನೌಟಿನ ಸುಸ್ತು ಜಿಗುಪ್ಸೆನೂ ಇಳೀತು, ರಜೆ ಹಾಕೋದೂ ಕಡಿಮೆ ಆತು. ಪವಾಡ ಅಲ್ಲ, ಲಾಭ ಸಣ್ಣದೇ, ಮತ್ತೆ ವಾರ ಕಳೆದಂಗೆ ಮಾಡೋರ ಸಂಖ್ಯೆ ಇಳೀತಾ ಹೋತು. ಯಾಕೆ ಇಳೀತು ಅಂತ ನಿಮ್ಗೆ ಹೇಳ್ಬೇಕಾ.

ಕಡುಬುಚಟ್ನಿ:

ಗಾಂಧಿ ಬಜಾರ್ ಸ್ಕೂಟಿ! ಈಗ ಅರ್ಥ ಆತು ಸಾರ್. ನಿನ್ನೆ ಡ್ಯೂಟೀಲಿ ಸುಮ್ನೆ ಗಮನಿಸ್ದೆ, ಒಂದೇ ಸಮ ನಡೆದಿದ್ದು ಅಂದ್ರೆ ಲ್ಯಾಬಿಗೆ ಸ್ಯಾಂಪಲ್ ಕೊಡೋಕೆ ಹೋಗಿದ್ದೊಂದೇ, ಅದೂ ಎರಡು ನಿಮಿಷ ಇಲ್ಲ, ಅದ್ರಲ್ಲೂ ಅರ್ಧ ಲಿಫ್ಟಲ್ಲಿ. ಆದ್ರೆ ನೈಟ್ ದಿನದ ಕಥೆ ಯಾರೂ ಹೇಳ್ಲಿಲ್ಲ. ಮತ್ತೆ ರಗಳೆ ಅಣ್ಣ, ಮಲ್ಕೋ ಅಂದ್ರಿ, ಮಲಗಿದ್ರೆ ನಿದ್ದೆ ಬರಲ್ಲ ಅನ್ನೋದೇ ನನ್ನ ಕಂಪ್ಲೇಂಟು ಮಾರಾಯ್ರೆ.

ಹಳೇಸಿಸ್ಟರ್:

ನೈಟ್ ಕಥೆ ನಾನು ಹೇಳ್ತೀನಿ ಕಣೆ ಮಗಾ. 22 ವರ್ಷ ನೈಟ್ ಮಾಡಿದೀನಿ, ಎರಡು ಮಕ್ಕಳನ್ನ ಹೆತ್ತು ಸಾಕಿದೀನಿ ಅದರ ಮಧ್ಯೆನೇ.

ನೈಟ್ ಮುಗಿಸಿ ಬಂದು ಓಡೋಕೆ ಮಾತ್ರ ಹೋಗ್ಬೇಡ. ನಾನು ಆ ತಪ್ಪು ಮಾಡಿದೀನಿ. ಒಂಬತ್ತು ಗಂಟೆ ಬಿಸಿಲಲ್ಲಿ ಒಂದು ಸುತ್ತು ಹೊಡೆದು ಬಂದ್ರೆ ಕಣ್ಣಿಗೆ ಬೆಳಕು ಬಿದ್ದು ಮೈ ‘ಓ ಬೆಳಗಾತು’ ಅಂತ ತಿಳ್ಕೊಂಡು ಬಿಡುತ್ತೆ, ಆಮೇಲೆ ಎಷ್ಟು ಹೊರಳಾಡಿದ್ರೂ ನಿದ್ದೆ ಹತ್ರ ಸುಳಿಯಲ್ಲ. ಅದಕ್ಕಿಂತ ದೊಡ್ಡದು, ಆ ಮಂಪರಲ್ಲಿ ರಸ್ತೆ ದಾಟೋದೇ ಅಪಾಯ, ನಮ್ಮ ಜೊತೆ ಇದ್ದ ಒಬ್ಬ ಬ್ರದರ್ (ಗಂಡು ನರ್ಸ್) ನೈಟ್ ಮುಗಿಸಿ ಬೈಕಲ್ಲಿ ಹೋಗ್ತಾ ತೂಕಡಿಸಿ ಡಿವೈಡರಿಗೆ ಹೊಡ್ಕೊಂಡ, ಕಾಲರ್ ಬೋನ್ ಮುರೀತು, ಪುಣ್ಯಕ್ಕೆ ಅಷ್ಟೇ. ಬೆಳಿಗ್ಗೆ ಬರ್ತಾ ತಂಪು ಕನ್ನಡಕ ಹಾಕ್ಕೊಂಡು ಬಾ, ಬಿಸಿಲಿಗೆ ಮುಖ ಕೊಡ್ಬೇಡ, ಏನಾದ್ರೂ ಹಗುರವಾಗಿ ತಿನ್ನು, ಕಿಟಕಿಗೆ ದಪ್ಪ ಬೆಡ್‌ಶೀಟ್ ಇಳಿಬಿಟ್ಟು ಮಲ್ಕೋ. ರಾತ್ರಿ ಮೂರು ಗಂಟೆ ಮೇಲೆ ಕಾಫಿ ಮುಟ್ಬೇಡ, ನೀನು ಹತ್ತು ಗಂಟೆಗೆ ಮಲಗೋ ಹೊತ್ತಿಗೆ ಅದು ಇನ್ನೂ ರಕ್ತದಲ್ಲಿ ಕುಣೀತಿರುತ್ತೆ.

ನಡೆಯೋದು ಸಂಜೆ, ಡ್ಯೂಟಿಗೆ ಹೋಗೋ ಮುಂಚೆ. ಐದು ಐದೂವರೆಗೆ ಎದ್ದು ಮುಖ ತೊಳ್ದು 20 ನಿಮಿಷ ಬಿರುಸಾಗಿ ನಡೆದು ಬಂದು ಸ್ನಾನ ಮಾಡಿ ಡ್ಯೂಟಿಗೆ ಹೋಗು. ನೈಟ್ ಪಾಳಿಯೋಳಿಗೆ ಅದೇ ಬೆಳಗಿನ ವಾಕಿಂಗು ತಿಳಿತಾ? ಮಾರ್ನಿಂಗ್ ಡ್ಯೂಟಿ ಇದ್ದ ದಿನ ಸಂಜೆ ಹೋಗು, ಮಧ್ಯಾಹ್ನದ ಡ್ಯೂಟಿ ಇದ್ರೆ ಬೆಳಿಗ್ಗೆ. ರಾತ್ರಿ ಹತ್ತು ಗಂಟೆಗೆ ಬಂದು ಮೊಬೈಲ್ ನೋಡ್ಕೊಂಡು ಕುಣಿಯೋ ಹುಡುಗೀರು ಇದಾರೆ ನಮ್ಮ ಕ್ವಾರ್ಟ್ರಸ್ಸಲ್ಲಿ, ಮಲಗೋ ಹೊತ್ತಿಗೆ ಎದೆ ಬಡಿತ ಏರಿಸ್ಕೊಂಡ್ರೆ ನಿದ್ದೆ ಎಲ್ಲಿಂದ ಬರ್ಬೇಕು.

ಇನ್ನೊಂದು ಮಾತು. ನಾನು ಸೇರಿ ಒಂದೂವರೆ ವರ್ಷಕ್ಕೆ ನಂಗೂ ನಿನ್ನಂಗೇ ಆಗಿತ್ತು, ಆಗ ಅದಕ್ಕೆ ಬರ್ನೌಟು ಗಿರ್ನೌಟು ಅಂತ ಹೆಸರು ಯಾರಿಗೂ ಗೊತ್ತಿರ್ಲಿಲ್ಲ, ‘ಕೊಬ್ಬು’ ಅನ್ನೋರು. ಒಂದು ಸಣ್ಣ ಮಗು ಹೋತು ನನ್ನ ಶಿಫ್ಟಲ್ಲಿ, ನ್ಯುಮೋನಿಯಾ, ಊರಿಂದ ಬರೋದೇ ತಡ ಮಾಡಿದ್ರು. ಅದರ ತಾಯಿ ಬಳೆ ಸದ್ದು ನಂಗೆ ತಿಂಗಳುಗಟ್ಟಲೆ ಕೇಳ್ತಿತ್ತು. ಯಾರೂ ಕೂರಿಸಿ ಎರಡು ಮಾತು ಆಡ್ಲಿಲ್ಲ, ರಿಜಿಸ್ಟರ್ ಕ್ಲೋಸ್ ಮಾಡಿದ್ಯಾ ಅಂತಷ್ಟೇ ಕೇಳಿದ್ರು. ಆಗ ನಾವು ಮೂರು ಜನ ಸಿಸ್ಟರ್‌ಗಳು ಸಂಜೆ ತುಂಗಾ ಸೇತುವೆ ತನಕ ನಡೆಯೋಕೆ ಶುರು ಮಾಡಿದ್ವಿ, ವ್ಯಾಯಾಮ ಅಂತಲ್ಲ, ಕ್ವಾರ್ಟ್ರಸ್ಸಲ್ಲಿ ಮಾತಾಡಿದ್ರೆ ಗೋಡೆಗೆ ಕಿವಿ ಇರುತ್ತೆ ಅಂತ. ಹೋಗ್ತಾ ಎಲ್ರನ್ನೂ ಬೈಕೊಂಡು ಹೋಗೋದು, ಬರ್ತಾ ಖಾರ ಮಂಡಕ್ಕಿ ತಿನ್ಕೊಂಡು ಬರೋದು. ನಂಗೆ ನಡಿಗೆ ವಾಸಿ ಮಾಡ್ತೋ ಬೈಗುಳ ವಾಸಿ ಮಾಡ್ತೋ ಇವತ್ತಿಗೂ ಹೇಳೋಕಾಗಲ್ಲ. ಒಬ್ಳೇ ಹೋಗ್ಬೇಡ, ಜೊತೆ ಹುಡ್ಕೋ.

ಅಳು ಎರಡು ವಾರ ಮೀರಿ ದಿನಾ ಬರ್ತಿದ್ರೆ, ಬದುಕೇ ಬೇಡ ಅನ್ನೋ ಯೋಚನೆ ಒಂದು ಸಲ ಸುಳಿದ್ರೂ ಸರಿ, ವಾಕಿಂಗ್ ಗೀಕಿಂಗ್ ಅಂತ ಕೂರ್ಬೇಡ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಹಗಲು ಇರುತ್ತೆ, ದುಡ್ಡು ಕೊಡೋದಿಲ್ಲ. ಪೇಷಂಟಿನ ಕಡೆಯೋರಿಗೆ ಆ ನಂಬರ್ ಬರ್ಕೊಡೋ ನಾವು ನಮಗೆ ಮಾತ್ರ ಬರ್ಕೊಳ್ಳಲ್ಲ.

ಉಂಬಳ_ಡಾಕ್ಟ್ರು:

ಸಿಸ್ಟರ್ ಮಾತಿಗೆ ನನ್ನದೊಂದು ಕೈ. ನಾನು ಮಾಸ್ತಿಕಟ್ಟೆ ಆಚೆ ಒಂದು ಪಿಎಚ್‌ಸೀಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಎಂಬಿಬಿಎಸ್ ಮುಗಿಸಿ ಕಡ್ಡಾಯ ಗ್ರಾಮೀಣ ಸೇವೆ ಮಾಡ್ತಿದೀನಿ. ನಿಮ್ಮದು ಜನ ಜಾಸ್ತಿಯಾಗಿ ತಲೆ ಕೆಡೋ ಸಮಸ್ಯೆ, ನಮ್ಮದು ಜನ ಇಲ್ದೆ. ಸಂಜೆ ನಾಲ್ಕೂವರೆಗೆ ಫಾರ್ಮಸಿಸ್ಟ್ ಬಸ್ ಹತ್ತಿದ್ರೆ ಮರುದಿನ ಬೆಳಿಗ್ಗೆ ತನಕ ನಾನು, ಒಬ್ರು ಸಿಸ್ಟರು, ಜೀರುಂಡೆ. ಕರೆಂಟಿಲ್ಲ, ನೆಟ್‌ವರ್ಕು ನೀರಿನ ಟ್ಯಾಂಕ್ ಮೇಲೆ ಹತ್ತಿದ್ರೆ ಒಂದು ಕಡ್ಡಿ. ಸೇರಿದ ಹೊಸದರಲ್ಲಿ ಏಳು ಗಂಟೆಗೇ ಮಲಗಿ ಮೂರಕ್ಕೆ ಎದ್ದು ಸೀಲಿಂಗ್ ನೋಡ್ತಿದ್ದೆ.

ನಾನು ಹಿಡ್ಕೊಂಡಿದ್ದು ಸೈಕಲ್. ಹಳೇದೊಂದು ಗೇರ್ ಇಲ್ಲದ್ದು, ಕಾಂಪೌಂಡರ್ ಮಗನದ್ದು. ಇಲ್ಲಿ ಸಪಾಟು ರಸ್ತೆ ಅನ್ನೋದೇ ಇಲ್ಲ, ಹತ್ತು ನಿಮಿಷಕ್ಕೆ ಮೂಳೆಮಾಸ್ಟರ್ ಹೇಳಿದ 149 ದಾಟಿ ಹೋಗುತ್ತೆ, ಮಾತೂ ಇಲ್ಲ ಹಾಡೂ ಇಲ್ಲ, ಇಳಿದು ತಳ್ಳೋದೇ. ತಳ್ಳಿದ್ದೂ ವ್ಯಾಯಾಮವೇ ಅಂತ ಸಮಾಧಾನ. ಮಳೆಗಾಲದಲ್ಲಿ ಸೈಕಲ್ ಗೋಡೆಗೆ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಸುರಿಯೋ ಸೀಮೆ ಇದು, ಜುಲೈನಲ್ಲಿ ಹೊರಗೆ ಕಾಲಿಟ್ರೆ ಉಂಬಳ (ಜಿಗಣೆ) ಸಾಲುಗಟ್ಟಿ ಸ್ವಾಗತ ಮಾಡ್ತಾವೆ, ನನ್ನ ಹೆಸರು ನೋಡಿ. ಆಗ ಕ್ವಾರ್ಟ್ರಸ್ ಜಗಲೀಲಿ ಹಗ್ಗ ಹಿಡಿದು ಸ್ಕಿಪ್ಪಿಂಗ್, ಒಂದು ನಿಮಿಷ ಹಾರೋದು ಒಂದು ನಿಮಿಷ ನಿಲ್ಲೋದು, ಹತ್ತು ಸಲ. ಮೊದಲ ದಿನ ಮೂರನೇ ಸಲಕ್ಕೇ ಹೆಂಚು ಹಾರ್ತಾವೇನೋ ಅಂತ ಆಶಾ ಕಾರ್ಯಕರ್ತೆ ಅಕ್ಕ ಓಡಿ ಬಂದ್ರು. ನಮ್ಮ ಕಡೆಯೋರು ಯಾರಾದ್ರೂ ಓದ್ತಿದ್ರೆ ಒಂದು ಮಾತು, ಡಿಸೆಂಬರಿಂದ ಮೇ ತನಕ ವ್ಯಾಯಾಮ ಅಂತ ಕಾಡು ದಾರಿ ಹಿಡೀಬೇಡಿ, ಮಂಗನ ಕಾಯಿಲೆ ಹರಡೋ ಉಣುಗಿನ ಕಾಲ ಅದು. ಹೋಗ್ಲೇಬೇಕಾದ್ರೆ ಉಣುಗು ಹತ್ರ ಬರದಂಗೆ ಡೇಪಾ ಎಣ್ಣೆ ಹಚ್ಕೊಂಡು ಹೋಗಿ, ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ ಮೈಯೆಲ್ಲ ನೋಡ್ಕೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾಗಿದ್ದು, ಇನ್ನೂ ನಮ್ಮನ್ನ ಬಿಟ್ಟಿಲ್ಲ.

ಈಗ ಕಡುಬುಚಟ್ನಿ ಅವ್ರಿಗೆ. ಎಲ್ರೂ ನಿಮ್ಮ ಮನಸ್ಸು ನೋಡಿದ್ರು, ನಿಮ್ಮ ರಕ್ತ ಯಾರೂ ನೋಡ್ಲಿಲ್ಲ. 24 ವರ್ಷದೋರು ಕವಲೇದುರ್ಗದ ಎರಡನೇ ಬಾಗಿಲಿಗೇ ಏದುಸಿರು ಬಿಟ್ಟು ಕೂರೋದು, ಎದೆ ಢವಢವ, ಕಾಲು ಸೆಳೆತ, ಸಿಡುಕು, ಇವನ್ನೆಲ್ಲ ಒಬ್ರು ಓಪಿಡೀಗೆ ಬಂದು ಹೇಳಿದ್ರೆ ನೀವೇ ಏನು ಬರ್ಕೊಳ್ತೀರಿ? ಹಿಮೋಗ್ಲೋಬಿನ್ ಕೊನೆಗೆ ಯಾವಾಗ ನೋಡ್ಸಿದ್ರಿ? ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸ್ರಲ್ಲಿ 57 ಪರ್ಸೆಂಟಿಗೆ ರಕ್ತಹೀನತೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಐದನೇ ಸುತ್ತಲ್ಲೇ ಬಂದಿದೆ, ನರ್ಸ್ ಕೋಟು ಹಾಕಿದ ತಕ್ಷಣ ಆ ಲೆಕ್ಕದಿಂದ ಹೊರಗೆ ಬರಲ್ಲ. ಥೈರಾಯ್ಡೂ ಒಂದು ಸಲ ನೋಡ್ಸಿ. ಅದು ಗೊತ್ತಾಗೋ ತನಕ ಓಟ ಬೇಡ, ನಡಿಗೆ ಸಾಕು.

ರೋಸ್ಟರ್_ರಗಳೆ:

ಥೂ. ಮೆಡಿಸಿನ್ ಎಂಡಿ ಮಾಡ್ತಿರೋನು ನಾನು, ಏದುಸಿರು ಅಂತ ಓದಿದ ಕೂಡ್ಲೇ ಕೇಳ್ಬೇಕಿತ್ತು. ಭಾಷಣ ಹೊಡೆದು ಮಲಗಿದೆ. ಕಡುಬು, ಸಿಬಿಸಿ (ರಕ್ತಕಣಗಳ ಪರೀಕ್ಷೆ) ಮಾಡ್ಸಿ ಮೊದ್ಲು.

ಕಡುಬುಚಟ್ನಿ:

ಎಲ್ರಿಗೂ ಮತ್ತೆ ನಮಸ್ಕಾರ, ಮೂರು ವಾರ ಆತು, ಇಲ್ಲಿ ಮಳೆ ಹಿಡ್ಕೊಂಡಿದೆ. ಅಪ್‌ಡೇಟ್ ಕೊಡೋಣ ಅಂತ.

ಹಿಮೋಗ್ಲೋಬಿನ್ 9.4.

ನಾನು ದಿನಾ ಬೆಳಿಗ್ಗೆ ಅಷ್ಟು ಜನರ ರಕ್ತ ತೆಗೆದು, ಬಾಟಲಿಗೆ ಹೆಸರು ಬರ್ದು, ರಿಪೋರ್ಟಲ್ಲಿ 12ಕ್ಕಿಂತ ಕಡಿಮೆ ಇದ್ದದ್ದಕ್ಕೆ ಕೆಂಪು ಪೆನ್ನಲ್ಲಿ ಗೆರೆ ಎಳೆಯೋಳು. ನನ್ನ ರಕ್ತ ತೆಗೆದ ಲ್ಯಾಬ್ ಟೆಕ್ನಿಷಿಯನ್ ಹುಡುಗಿ ರಿಪೋರ್ಟ್ ಕೈಗೆ ಕೊಡ್ತಾ ‘ಗೆರೆ ನೀನೇ ಎಳ್ಕೊಳ್ತೀಯಾ ನಾನು ಎಳೀಲಾ’ ಅಂದ್ಳು. ಥೈರಾಯ್ಡ್ ನಾರ್ಮಲ್. ನಮ್ಮ ಫಿಜಿಷಿಯನ್ ಐರನ್ ಮಾತ್ರೆ ಬರ್ಕೊಟ್ಟಿದಾರೆ, ಕಾಫಿ ಟೀ ಜೊತೆ ತಗೋಬೇಡ, ನಿಂಬೆಹಣ್ಣಿನ ಪಾನಕದ ಜೊತೆ ತಗೋ ಅಂದ್ರು. ಮಾತ್ರೆ ತಗೊಂಡ್ರೆ ಹೊಟ್ಟೆ ತೊಳಸುತ್ತೆ, ಆದ್ರೂ ಬಿಟ್ಟಿಲ್ಲ. ಮುಟ್ಟು ಜಾಸ್ತಿ ಹೋಗೋದನ್ನ ನಾನು ಯಾರಿಗೂ ಹೇಳೇ ಇರ್ಲಿಲ್ಲ, ಅದನ್ನೂ ತೋರ್ಸೋಕೆ ಹೇಳಿದಾರೆ.

ನಡಿಗೆ ಶುರು ಮಾಡಿದೀನಿ, ಅದೇ ಲ್ಯಾಬ್ ಹುಡುಗಿ ಜೊತೆ. ವಾರಕ್ಕೆ ಐದು ದಿನ ಅಂತ ಮಾತಾಡ್ಕೊಂಡಿದ್ದು, ಮೊದಲ ವಾರ ನಾಲ್ಕು ಆತು, ಎರಡನೇ ವಾರ ಎರಡೇ (ನನ್ನದು ನೈಟ್, ಅವಳದ್ದು ಡಬಲ್ ಡ್ಯೂಟಿ), ಈ ವಾರ ಮೂರು. ನೆಹರು ಸ್ಟೇಡಿಯಂ ಹೋಗ್ತೀವಿ, ಮಳೆ ಜಾಸ್ತಿ ಇದ್ರೆ ಪಿಜಿ ಮೆಟ್ಲು, ಮೂರು ಮಹಡಿ ಹತ್ತಿ ಇಳಿಯೋದು, ಓನರ್ ಆಂಟಿ ಎಂತ ಕಳ್ಕೊಂಡ್ರಿ ಮಕ್ಳೇ ಅಂತ ಕೇಳ್ತಾರೆ. ಮಾತಾಡಬಹುದು ಹಾಡಬಾರ್ದು ಅನ್ನೋ ಪರೀಕ್ಷೆ ಮಾಡೋಕೆ ಹೋಗಿ ಅವಳು ಹಾಡೋಕೆ ಶುರು ಮಾಡಿದ್ಳು, ಪಕ್ಕದಲ್ಲಿ ನಡೀತಿದ್ದ ಅಜ್ಜ ನಿಂತು ನೋಡಿದ್ರು. ಹಳೇಸಿಸ್ಟರ್ ಅಕ್ಕ, ನೀವು ಹೇಳಿದಂಗೆ ಹೋಗ್ತಾ ಎಲ್ರನ್ನೂ ಬೈತೀವಿ. ಪಟ್ಟಿ ಉದ್ದ ಇದೆ, ಎರಡು ಸುತ್ತಿಗೆ ಸಾಲಲ್ಲ.

ಮನ್ಸು ಪೂರ್ತಿ ಸರಿ ಆಗಿದೆ ಅಂತ ಹೇಳಲ್ಲ. ಮೊನ್ನೆ ಮತ್ತೆ ಅಮ್ಮನ ಮೇಲೆ ಸಿಡುಕಿದೆ. ಆದ್ರೆ ಹೋದ ನೈಟ್ ಮುಗಿಸಿ ಬಂದು ಬೆಡ್‌ಶೀಟ್ ಇಳಿಬಿಟ್ಟು ಮಲಗಿದೋಳು ಎದ್ದಾಗ ಮೂರೂವರೆ. ಕುಕ್ಕರ್ ಕೂಗಿತ್ತಂತೆ, ನಂಗೆ ಕೇಳೇ ಇಲ್ಲ. ಮಾತ್ರೆಯಿಂದನೋ ನಡಿಗೆಯಿಂದನೋ ಕಾಫಿ ಬಿಟ್ಟಿದ್ದಕ್ಕೋ ಗೊತ್ತಿಲ್ಲ, ಮೂಳೆಮಾಸ್ಟರ್ ಸಾರ್ ಹೇಳಿದಂಗೆ ಸಣ್ಣ ಲಾಭನೇ ಇರ್ಬಹುದು, ನಂಗೆ ಅಷ್ಟು ಸಾಕು ಸದ್ಯಕ್ಕೆ. ರೋಸ್ಟರ್ ಬಗ್ಗೆ ನಾವು ಆರು ಜನ ಸೇರಿ ಒಂದು ಅರ್ಜಿ ಬರ್ದಿದೀವಿ, ಸತತ ನೈಟ್ ಮೂರಕ್ಕಿಂತ ಜಾಸ್ತಿ ಹಾಕ್ಬೇಡಿ ಅಂತ. ಉತ್ತರ ಬಂದಿಲ್ಲ. ರಗಳೆ ಅಣ್ಣ, ಕರಡು ನೀವು ಒಂದು ಸಲ ನೋಡಿದ್ರೆ ಚೆನ್ನಾಗಿರ್ತಿತ್ತು.

ಒಂದು ಕೊನೇ ಪ್ರಶ್ನೆ, ಶೂ ಒಣಗ್ತಾನೇ ಇಲ್ಲ. ಇರೋದು ಒಂದೇ ಜೊತೆ. ಊರಲ್ಲಾದ್ರೆ ಬಚ್ಚಲ ಒಲೆ ಪಕ್ಕ ಇಡ್ತಿದ್ವಿ, ಇಲ್ಲಿ ಎಂತ ಮಾಡೋದು?

ರೋಸ್ಟರ್_ರಗಳೆ:

ಕಳ್ಸು, ನೋಡ್ತೀನಿ. ‘ದಯವಿಟ್ಟು’ ಅನ್ನೋದು ಎಷ್ಟು ಸಲ ಇದೆ ಅಂತ ಮೊದ್ಲು ಎಣಿಸಿ ಅರ್ಧ ತೆಗಿ. ಮತ್ತೆ ಆರು ಜನ ಅಲ್ಲ, ಹನ್ನೆರಡು ಜನರ ಸಹಿ ಹಾಕ್ಸು. ಅಂದಹಾಗೆ ನಾನೂ ನಿನ್ನೆ ಲಿಫ್ಟ್ ಬಿಟ್ಟು ಮೆಟ್ಲು ಹತ್ತಿದೆ, ಲಿಫ್ಟ್ ಕೆಟ್ಟಿತ್ತು.

ಹಳೇಸಿಸ್ಟರ್:

ಒಲೆ ಪಕ್ಕ ಇಟ್ರೆ ಸೋಲ್ ಅಂಟು ಬಿಟ್ಕೊಳ್ಳುತ್ತೆ ಕಣೆ, ಊರಲ್ಲೂ ಇಡ್ಬೇಡ. ಒಳಗಿನ ಮೆತ್ತೆ ಕಿತ್ತು ಬೇರೆ ಇಡು, ಹಳೇ ಪೇಪರ್ ಮುದ್ದೆ ಮಾಡಿ ತುರುಕಿ ಫ್ಯಾನ್ ಕೆಳಗೆ ಬಾಯಿ ಮೇಲೆ ಮಾಡಿಡು, ಎರಡು ಗಂಟೆ ಬಿಟ್ಟು ಪೇಪರ್ ಬದ್ಲಾಯಿಸು. ಬೆಳಿಗ್ಗೆ ಹೊತ್ತಿಗೆ ಒಣಗಿರುತ್ತೆ. ವಾಸನೆ ಮಾತ್ರ ಹೋಗಲ್ಲ, ಅದು ಸೆಪ್ಟೆಂಬರ್ ತನಕ ಇರೋದೇ.